ಹೋದ ಕರೆಂಟ್ ವಾಪಸ್ ಬರುವ ದಾರಿ

ನಾವೇ ಕಟ್ಟಿದ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಕರೆಂಟಿನ ದಾರಿ ಸರಿಯಿಲ್ಲದೆ ಹೇಗೆ ಕೆಡುತ್ತವೆ ಎಂಬ ಬಗ್ಗೆ ಶಿವಮೊಗ್ಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಕೇಳಲು ಬಂದವರಲ್ಲಿ ಅರ್ಧ ಜನ ಆರ್ಡುಯಿನೋ (ಕೋಡ್ ಬರೆದು ನಡೆಸುವ ಪುಟ್ಟ ಬೋರ್ಡು) ಕಲಿಯುತ್ತಿರುವ ವಿದ್ಯಾರ್ಥಿಗಳು. ಇನ್ನರ್ಧ ತೋಟಕ್ಕೆ ಬೇಕಾದ ಪೆಟ್ಟಿಗೆಗಳನ್ನು ತಾವೇ ಕಟ್ಟಿಕೊಳ್ಳುವ ಕೃಷಿಕರು. ಬರೆಯುವಾಗ ಅಲ್ಲಲ್ಲಿ ಲೆಕ್ಕ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ವೈರು ನೋಡಿ. ನೋಡಿ ಹಿಂದಿನ ಸಾಲಿಗೂ ದಾಟಿಸಿ. ಮೊಬೈಲ್ ಚಾರ್ಜ್ ಮಾಡುವ ಯುಎಸ್‌ಬಿ ಕೇಬಲ್, ಎರಡು ಮೀಟರ್ ಉದ್ದ. ಹೊರಗಿನಿಂದ ದಪ್ಪಗಿದೆ, ಮೇಲೆ ಬಟ್ಟೆಯ ಹೆಣಿಗೆ ಬೇರೆ. ನಿನ್ನೆ ರಾತ್ರಿ ಬ್ಲೇಡ್ ಹಾಕಿ ಸೀಳಿದೆ. ಒಳಗಿನ ಕಪ್ಪು ವೈರಿನ ಸಿಪ್ಪೆ ಬಿಡಿಸಿದರೆ ಏಳೇ ಎಳೆ, ಒಂದೊಂದೂ ತಲೆಕೂದಲಿನಷ್ಟು. ಒಂದು ಎಳೆಯನ್ನು ಬ್ಲೇಡಿನ ತುದಿಯಿಂದ ಕೆರೆದರೆ ತಾಮ್ರದ ಬಣ್ಣ ಹೋಗಿ ಬೆಳ್ಳಗೆ ಕಾಣುತ್ತೆ. ಒಳಗಿರುವುದು ಅಲ್ಯೂಮಿನಿಯಂ. ತಾಮ್ರ ಮೇಲಿನ ಲೇಪ ಅಷ್ಟೇ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ತೋಟದ ಪಂಪಿಗೆ ಒಂದು ಪೆಟ್ಟಿಗೆ ಮಾಡಿದ್ದೆ. ಒಳಗೆ ಇಎಸ್‌ಪಿ32 ಎಂಬ ವೈಫೈ ಇರುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಸ್ಟಾರ್ಟರ್ ಒತ್ತಲು ಒಂದು ರಿಲೇ (ಒಳಗಿನ ಕಾಯಿಲಿಗೆ ಕರೆಂಟ್ ಕೊಟ್ಟರೆ ತಾನೇ ಎಳೆದುಕೊಳ್ಳುವ ಸ್ವಿಚ್ಚು), ಮಣ್ಣಿನ ತೇವ ನೋಡಲು ಒಂದು ಸೆನ್ಸರ್. ಮನೆಯ ಮೇಜಿನ ಮೇಲೆ ಮೂರು ದಿನ ಒಂದು ತಕರಾರಿಲ್ಲದೆ ಓಡಿತು. ಪಂಪ್ ಶೆಡ್ಡಿಗೆ ಒಯ್ದು ಹಾಕಿದೆ. ಸಂಜೆ ಅಪ್ಪಯ್ಯನ ಫೋನು.

"ಏನೋ, ನಿನ್ನ ಪೆಟ್ಟಿಗೆ ಒಂದೇ ಸಮ ಟಕ ಟಕ ಅಂತಿದೆಯಲ್ಲೋ. ಮೋಟಾರು ಸುಟ್ಟು ಹೋದ್ರೆ? ಆಫ್ ಮಾಡ್ಲಾ?"

ಆಫ್ ಮಾಡಿ ಅಂದೆ. ರಿಲೇ ಎಳೆದುಕೊಳ್ಳುತ್ತೆ, ಬೋರ್ಡು ರೀಸೆಟ್ ಆಗುತ್ತೆ, ಎದ್ದು ಮತ್ತೆ ರಿಲೇ ಎಳೆಯುತ್ತೆ, ಮತ್ತೆ ರೀಸೆಟ್. ನಾನು ಎಂಟು ರಾತ್ರಿ ಕೂತು ಕೋಡ್ ತಿದ್ದಿದೆ. ಲೈಬ್ರರಿ ಬದಲಾಯಿಸಿದೆ. ಎಲ್ಲೆಲ್ಲೋ ಡಿಲೇ ತುರುಕಿದೆ. ಒಂಬತ್ತನೇ ದಿನ ಶೆಡ್ಡಿಗೇ ಲ್ಯಾಪ್‌ಟಾಪ್ ಒಯ್ದು, ಅದೇ ಕೇಬಲನ್ನು ಚುಚ್ಚಿ, ಬೋರ್ಡು ಕಳಿಸುವ ಸಂದೇಶ ತೋರಿಸುವ ಸೀರಿಯಲ್ ಮಾನಿಟರ್ ತೆರೆದೆ. ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು: 'ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್'. ನನಗೆ ವೋಲ್ಟೇಜ್ ಸಾಲುತ್ತಿಲ್ಲ ಎಂದು ಚಿಪ್ಪು ಮೊದಲ ದಿನದಿಂದ ಹೇಳುತ್ತಲೇ ಇತ್ತು.

ಮನೆಯಲ್ಲಿ ಗಿಡ್ಡ ಕೇಬಲ್ ಇತ್ತು. ಶೆಡ್ಡಿನಲ್ಲಿ ಇದು, ಈಗ ನಿಮ್ಮ ಕೈಯಲ್ಲಿರುವುದು. ಇಂಥ ಕೇಬಲಿನಲ್ಲಿ ಹೋಗುವ ವೈರಿಗೆ ಸುಮಾರು 1 ಓಮ್, ಬರುವ ವೈರಿಗೆ ಇನ್ನೊಂದು ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಡ್ಡಿ, ಇರಬಹುದು. ವೈಫೈ ಸಿಗ್ನಲ್ ಕಳಿಸುವ ಗಳಿಗೆಯಲ್ಲಿ ಬೋರ್ಡು 400 ಮಿಲಿಆಂಪಿಯರ್ ಹತ್ತಿರ ಎಳೆಯುತ್ತೆ. 5 ವೋಲ್ಟಿನ ರಿಲೇ ಕಾಯಿಲ್ ಇನ್ನೊಂದು 70. ಒಟ್ಟು 470. ಕರೆಂಟನ್ನು ರೆಸಿಸ್ಟೆನ್ಸಿನಿಂದ ಗುಣಿಸಿದರೆ ದಾರಿಯಲ್ಲಿ ಕಳೆಯುವ ವೋಲ್ಟೇಜ್ ಸಿಗುತ್ತೆ. ಎರಡು ಓಮಿನಿಂದ ಗುಣಿಸಿ. 0.94 ವೋಲ್ಟ್ ದಾರಿಯಲ್ಲೇ ಹೋಯಿತು. ಚಾರ್ಜರಿನ 5 ವೋಲ್ಟಿನಲ್ಲಿ ಬೋರ್ಡಿಗೆ ತಲುಪಿದ್ದು 4 ವೋಲ್ಟ್ ಚಿಲ್ಲರೆ. ಬೋರ್ಡಿನ ಮೇಲೆ ವೋಲ್ಟೇಜನ್ನು 3.3 ಕ್ಕೆ ಇಳಿಸಿಕೊಡುವ 1117 ಜಾತಿಯ ರೆಗ್ಯುಲೇಟರ್ ತನ್ನ ಪಾಲಿಗೆ ಒಂದು ವೋಲ್ಟಿಗಿಂತ ಜಾಸ್ತಿ ಇಟ್ಟುಕೊಳ್ಳುತ್ತೆ. 3.3 ಬೇಕಾದ ಚಿಪ್ಪಿಗೆ ಉಳಿದದ್ದು 3 ಕ್ಕಿಂತ ಕಡಿಮೆ. ಚಾರ್ಜರಿನ ಇಳಿತ, ಸಡಿಲ ಕನೆಕ್ಟರ್ ಸೇರಿದರೆ ಇನ್ನೂ ಕೆಳಗೆ.

ಈ ಸಂದೇಶ ಕಂಡ ಕೂಡಲೇ ಕೆಲವರು ಬ್ರೌನ್‌ಔಟ್ ಡಿಟೆಕ್ಟರನ್ನೇ ಆಫ್ ಮಾಡುವ ಒಂದು ಸಾಲು ಕೋಡಿಗೆ ಸೇರಿಸುತ್ತಾರೆ. ದಯವಿಟ್ಟು ಮಾಡಬೇಡಿ. ಫ್ಯೂಸ್ ಹೋಯಿತೆಂದು ದಪ್ಪ ತಂತಿ ಕಟ್ಟಿದ ಹಾಗೆ ಅದು. ವೋಲ್ಟೇಜ್ ಸಾಲದೆ ಓಡುವ ಚಿಪ್ಪು ತಪ್ಪು ಲೆಕ್ಕ ಹಾಕಬಹುದು, ಮೆಮೊರಿಯಲ್ಲಿ ತಪ್ಪು ಬರೆಯಬಹುದು. ಪಂಪ್ ನಡೆಸುವ ಪೆಟ್ಟಿಗೆಯಲ್ಲಿ ಅದು ಆಗಬಾರದು.

ಇದು ನಮ್ಮ ಕಡೆಯವರಿಗೆ ಹೊಸ ವಿಷಯ ಏನಲ್ಲ. ಗುಡ್ಡದ ಮೇಲಿನ ಅಬ್ಬಿಯಿಂದ ಪೈಪ್ ಹಾಕಿ ಮನೆಗೆ ನೀರು ತಂದಿರುತ್ತೇವೆ. ಬಚ್ಚಲಲ್ಲಿ ಹಂಡೆಗೆ ನಲ್ಲಿ ಬಿಟ್ಟರೆ ಅಡುಗೆಮನೆಯ ನಲ್ಲಿ ಸಣ್ಣಗಾಗುತ್ತೆ. ಅಬ್ಬಿಯಲ್ಲಿ ನೀರು ಬೇಕಾದಷ್ಟಿದೆ, ಪೈಪು ಸಣ್ಣದು. ಅದಕ್ಕೇ ಬಚ್ಚಲ ಪಕ್ಕ ಒಂದು ತೊಟ್ಟಿ ಕಟ್ಟುತ್ತೇವೆ. ಬೋರ್ಡಿನ ಪಕ್ಕ ಹಾಕುವ ಕೆಪಾಸಿಟರ್ ಆ ತೊಟ್ಟಿ. ಬೇಕಾದ ಜಾಗದ ಪಕ್ಕದಲ್ಲೇ ಇರಬೇಕು. ಅಡಾಪ್ಟರ್ ಬಳಿ ಕೆಪಾಸಿಟರ್ ಹಾಕಿ ಎರಡು ಮೀಟರ್ ಆಚೆ ಬೋರ್ಡು ಇಟ್ಟರೆ, ತೊಟ್ಟಿಯನ್ನು ಗುಡ್ಡದ ಮೇಲೆ ಕಟ್ಟಿದ ಹಾಗಾಯಿತು.

ಇಷ್ಟು ನೀರು ಬರುವ ಕಡೆಯ ಮಾತು. ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂತ ಬಂದದ್ದು ನೀರು ಹೋಗುವ ಕಡೆಯ ಮಾತು. ಪ್ಲಸ್ ವೈರನ್ನು ಎಲ್ಲರೂ ನೋಡುತ್ತೇವೆ. ಕಪ್ಪು ವೈರನ್ನು ಯಾರೂ ನೋಡುವುದಿಲ್ಲ. 'ಗ್ರೌಂಡ್ ತಾನೇ, ಎಲ್ಲಾದರೂ ಒಂದು ಕಡೆ ಚುಚ್ಚು' ಅಂದುಬಿಡುತ್ತೇವೆ. ಎಷ್ಟು ಕರೆಂಟ್ ಕೆಂಪು ವೈರಿನಲ್ಲಿ ಹೋಯಿತೋ ಅಷ್ಟೂ ಕಪ್ಪಿನಲ್ಲಿ ವಾಪಸ್ ಬರಲೇಬೇಕು. ಒಂದು ಮಿಲಿಆಂಪಿಯರ್ ಕೂಡ ಕಡಿಮೆಯಿಲ್ಲ.

ತೋಟದ ಬಸಿಗಾಲುವೆ ನೆನಪು ಮಾಡಿಕೊಳ್ಳಿ. ಆಷಾಢದ ಮಳೆ ಹುಯ್ಯುವಾಗ ಮೇಲಿನ ತೋಟದ ನೀರೂ ನಿಮ್ಮ ತೋಟದ ನೀರೂ ಒಂದೇ ಇಕ್ಕಟ್ಟು ಕಾಲುವೆಯಲ್ಲಿ ಹೋಗಬೇಕು ಅಂದರೆ ಏನಾಗುತ್ತೆ? ಕಾಲುವೆ ಉಕ್ಕಿ ನಿಮ್ಮ ಅಡಿಕೆ ಬುಡದಲ್ಲಿ ನೀರು ನಿಲ್ಲುತ್ತೆ. ಕಾಲುವೆಯ ಮಟ್ಟ ಎಲ್ಲ ಕಡೆ ಒಂದೇ ಇರುವುದಿಲ್ಲ, ಹರಿವು ಜಾಸ್ತಿಯಾದ ಹಾಗೆ ಏರುತ್ತೆ. ಗ್ರೌಂಡ್ ವೈರೂ ಹಾಗೇ. ನಕ್ಷೆಯಲ್ಲಿ ಸೊನ್ನೆ ವೋಲ್ಟ್ ಎಂದು ಬರೆದಿರುತ್ತೆ. ನಿಜವಾದ ವೈರಿನಲ್ಲಿ ಕರೆಂಟ್ ಹರಿದಷ್ಟೂ ಆ ಸೊನ್ನೆ ಮೇಲೇರುತ್ತೆ.

ಸಾಗರದ ಕಡೆಯ ಒಬ್ಬ ಹುಡುಗ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಡ್ರೈಯರ್ ಶೆಡ್ಡಿಗೆ ಒಂದು ಪೆಟ್ಟಿಗೆ ಮಾಡಿದ್ದ. ಆರ್ಡುಯಿನೋ ಜಾತಿಯ ಉನೋ ಬೋರ್ಡು, ಉಷ್ಣತೆ ನೋಡಲು ಎಲ್‌ಎಂ35, ಹಬೆ ಹೊರಗೆ ತಳ್ಳಲು 12 ವೋಲ್ಟಿನ ಫ್ಯಾನು. 45 ಡಿಗ್ರಿ ದಾಟಿದರೆ ಫ್ಯಾನ್ ಆನ್, 42 ಕ್ಕೆ ಇಳಿದರೆ ಆಫ್. ಸರಳವಾದ, ಒಳ್ಳೆಯ ಕೆಲಸ. ಆದರೆ ಫ್ಯಾನು ಒಮ್ಮೆ ತಿರುಗಲು ಶುರುವಾದರೆ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ಒಳಗಿನ ಬಿಸಿ ಎಲ್ಲ ಹೊರಗೆ. ಅಡಿಕೆ ಒಣಗುತ್ತಿಲ್ಲ.

"ಸರ್, ಫ್ಯಾನ್ ಆನ್ ಆದ ಕೂಡಲೇ ಟೆಂಪರೇಚರ್ ಒಂಬತ್ತು ಡಿಗ್ರಿ ಮೇಲೆ ಹಾರುತ್ತೆ. ಸೆನ್ಸರ್ ಸರಿಯಿಲ್ಲ ಅಂತ ಮೂರು ಬದಲಾಯಿಸಿದೆ. ಮೂರೂ ಹಾಗೇ ಮಾಡ್ತವೆ" ಅಂದ.

ಮೂರೂ ಒಂದೇ ಥರ ತಪ್ಪು ಹೇಳಿದರೆ ತಪ್ಪು ಸೆನ್ಸರಿನದ್ದಾಗಿರುವುದು ಕಷ್ಟ. ಹೋಗಿ ನೋಡಿದೆ. ಪೆಟ್ಟಿಗೆಯಿಂದ ಶೆಡ್ಡಿನ ತುದಿಗೆ ಮೂರು ಮೀಟರ್ ವೈರು. ಫ್ಯಾನಿಗೆ ಒಂದು ಪ್ಲಸ್, ಅದನ್ನು ರಿಲೇ ಆನ್ ಆಫ್ ಮಾಡುತ್ತಿತ್ತು. ಸೆನ್ಸರಿಗೆ 5 ವೋಲ್ಟಿನ ಒಂದು, ಸಿಗ್ನಲಿಗೆ ಒಂದು. ಕಪ್ಪು ಮಾತ್ರ ಎರಡಕ್ಕೂ ಸೇರಿ ಒಂದೇ. ಒಂದು ವೈರು ಉಳಿಯಿತು ಅಂತ ಹಾಗೆ ಮಾಡಿದ್ದ.

ಮೀಟರನ್ನು 200 ಮಿಲಿವೋಲ್ಟಿಗೆ ತಿರುಗಿಸಲು ಹೇಳಿದೆ. ಒಂದು ಮೊನೆ ಉನೋದ ಜಿಎನ್‌ಡಿ (ಗ್ರೌಂಡ್) ಪಿನ್ನಿಗೆ, ಇನ್ನೊಂದು ಮೊನೆ ಸೆನ್ಸರಿನ ಕಪ್ಪು ಕಾಲಿಗೆ.

"ಒಂದೇ ವೈರಿನ ಎರಡು ತುದಿ ಅಲ್ವಾ ಸರ್? ಸೊನ್ನೆ ತಾನೇ ಬರೋದು?"

ಫ್ಯಾನ್ ನಿಂತಿದ್ದಾಗ ಸೊನ್ನೆಯ ಹತ್ತಿರವೇ ಇತ್ತು. ಫ್ಯಾನ್ ತಿರುಗಿತು, 90 ತೋರಿಸಿತು. ಹುಡುಗ ಮೀಟರ್ ನೋಡಿದ, ಫ್ಯಾನ್ ಕಡೆ ನೋಡಿದ, ಮತ್ತೆ ಮೀಟರ್ ನೋಡಿದ. ಎಲ್‌ಎಂ35 ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತೆ. 90 ಅಂದರೆ ಸರಿಯಾಗಿ 9 ಡಿಗ್ರಿ. ಫ್ಯಾನು 300 ಮಿಲಿಆಂಪಿಯರ್ ಎಳೆಯುತ್ತಿತ್ತು, ಆ ತೆಳು ವೈರು 0.3 ಓಮ್ ಇತ್ತು. ಗುಣಿಸಿದರೆ ಅದೇ 90. ಸೆನ್ಸರ್ ನಿಂತ ನೆಲವೇ 90 ಮಿಲಿವೋಲ್ಟ್ ಮೇಲೆದ್ದಿತ್ತು. ಅದರ ಮೇಲೆ ನಿಂತು ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಉನೋ ಮಾತ್ರ ತನ್ನ ನೆಲದಿಂದ ಅಳೆಯುತ್ತಿತ್ತು. ಫ್ಯಾನ್ ನಿಲ್ಲಬೇಕಾದರೆ ಶೆಡ್ಡು ನಿಜವಾಗಿ 33 ಡಿಗ್ರಿಗೆ ಇಳಿಯಬೇಕಿತ್ತು. ಬಿಸಿಲಿರುವಾಗ ಅದು ಎಲ್ಲಿ ಇಳಿಯುತ್ತೆ?

ಸೆನ್ಸರಿಗೆ ಬೇರೆ ಕಪ್ಪು ವೈರು ಎಳೆದ. ಫ್ಯಾನಿನ ಕಪ್ಪು ನೇರವಾಗಿ ಅಡಾಪ್ಟರಿನ ಮೈನಸ್ಸಿಗೆ, ಸೆನ್ಸರಿನ ಕಪ್ಪು ಉನೋದ ಜಿಎನ್‌ಡಿಗೆ, ಉನೋದ ಜಿಎನ್‌ಡಿ ಅದೇ ಅಡಾಪ್ಟರಿನ ಮೈನಸ್ಸಿಗೆ. ಎಲ್ಲ ಒಂದೇ ಬಿಂದುವಿನಲ್ಲಿ ಸೇರುತ್ತವೆ, ದಾರಿಯಲ್ಲಿ ಮಾತ್ರ ಸೇರುವುದಿಲ್ಲ. ಇದಕ್ಕೆ ಸ್ಟಾರ್ ಗ್ರೌಂಡ್ ಅಂತಾರೆ. ಕೋಡಿನಲ್ಲಿ ಒಂದಕ್ಷರ ಮುಟ್ಟಲಿಲ್ಲ.

ನಿಮ್ಮ ಪ್ರಾಜೆಕ್ಟ್ ವಿಚಿತ್ರವಾಗಿ ಆಡಿದಾಗ ಇದನ್ನೇ ಮಾಡಿ. ಒಂದೇ ಗ್ರೌಂಡಿನ ಎರಡು ಜಾಗಕ್ಕೆ ಮೀಟರ್ ಹಿಡಿಯಿರಿ, ಮೋಟಾರನ್ನೋ ರಿಲೇಯನ್ನೋ ಆನ್ ಮಾಡಿ, ನೋಡಿ. ಕೆಲವೇ ಮಿಲಿವೋಲ್ಟ್ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಉನೋ ವೋಲ್ಟೇಜ್ ಅಳೆಯುವ ಅನಲಾಗ್ ಓದಿನಲ್ಲಿ ಒಂದು ಮೆಟ್ಟಿಲೇ 4.9 ಮಿಲಿವೋಲ್ಟ್. ಹತ್ತಾರು ಮಿಲಿವೋಲ್ಟ್ ಇದ್ದರೆ ಅನಲಾಗ್ ಸೆನ್ಸರಿನ ಓದು ತಪ್ಪುತ್ತೆ. ನೂರಾರು ಇದ್ದರೆ ಡಿಜಿಟಲ್ ಸಿಗ್ನಲ್ಲುಗಳೂ ಕೆಡಬಹುದು. ಬೆಸುಗೆಯಿಲ್ಲದೆ ವೈರು ಚುಚ್ಚುವ ಬ್ರೆಡ್‌ಬೋರ್ಡಿನ ಉದ್ದದ ಪಟ್ಟಿಯನ್ನೂ ಅಳೆಯಿರಿ. ಕೆಲವು ಬ್ರೆಡ್‌ಬೋರ್ಡುಗಳಲ್ಲಿ ಆ ಪಟ್ಟಿ ನಡುವೆ ತುಂಡಾಗಿರುತ್ತೆ. ಇದು ಗೊತ್ತಿಲ್ಲದೆ ದಿನಗಟ್ಟಲೆ ಒದ್ದಾಡಿದವರಿದ್ದಾರೆ.

ಇನ್ನು ರೋಗ ಪತ್ತೆಯ ಮಾತು. ಯಾವ ಗಳಿಗೆಯಲ್ಲಿ ಕೆಡುತ್ತೆ ಅನ್ನುವುದನ್ನು ಮೊದಲು ಬರೆದಿಟ್ಟುಕೊಳ್ಳಿ. ರಿಲೇ ಆನ್ ಆಗುವಾಗ ರೀಸೆಟ್ ಆದರೆ ಸಾಮಾನ್ಯವಾಗಿ ಕರೆಂಟ್ ಸಾಲುತ್ತಿಲ್ಲ. ಆಫ್ ಆಗುವಾಗ ರೀಸೆಟ್ ಆದರೆ ಅದು ಬೇರೆ ರೋಗ. ಕಾಯಿಲಿಗೆ ಹರಿಯುವ ಕರೆಂಟನ್ನು ಥಟ್ಟನೆ ಕತ್ತರಿಸಿದರೆ ಅದು ದೊಡ್ಡ ವೋಲ್ಟೇಜಾಗಿ ಒದೆಯುತ್ತೆ. ರಿಲೇ ಕಾಯಿಲಿಗೆ ಅಡ್ಡವಾಗಿ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕುವುದು ಇದಕ್ಕೇ. ಅಂಗಡಿಯಲ್ಲಿ ಸಿಗುವ ರಿಲೇ ಮಾಡ್ಯೂಲಿನಲ್ಲಿ ಸಾಮಾನ್ಯವಾಗಿ ಅದು ಇರುತ್ತೆ. ಆದರೆ ಆ ರಿಲೇ ನಡೆಸುವ ಪಂಪ್ ಸ್ಟಾರ್ಟರಿನೊಳಗೆ ಇನ್ನೊಂದು ದೊಡ್ಡ ಕಾಯಿಲ್ ಇದೆ. ಅದರ ಒದೆತಕ್ಕೆ ಆ ಡಯೋಡ್ ಏನೂ ಮಾಡಲ್ಲ. ಎಸಿ ಕಾಯಿಲಿಗೆ ಬೇಕಾದ್ದು ಸ್ನಬ್ಬರ್, ಅಂದರೆ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್‌ನ ಎಕ್ಸ್2 ದರ್ಜೆಯ (ಮೇನ್ಸಿಗೆಂದೇ ಮಾಡಿದ) ಕೆಪಾಸಿಟರ್ ಸಾಲಾಗಿ. ಕಾಯಿಲ್ ಎಷ್ಟು ವೋಲ್ಟಿನದು ಎಂದು ನೋಡಿ, ಅದಕ್ಕೆ ತಾಳುವಂಥದ್ದನ್ನೇ ಹಾಕಿಸಬೇಕು. ಸ್ಟಾರ್ಟರಿನೊಳಗಿನ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಅಲ್ಲಿ ಕೈ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶ ಇಲ್ಲ.

ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸತ್ತರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎದ್ದರೆ, ಬಿಸಿ ನೋಡಿ. ಉನೋಗೆ 12 ವೋಲ್ಟ್ ಕೊಟ್ಟು, ಅದರ 5 ವೋಲ್ಟ್ ಪಿನ್ನಿನಿಂದ 300 ಮಿಲಿಆಂಪಿಯರ್ ಎಳೆದರೆ, ಮಿಕ್ಕ 7 ವೋಲ್ಟ್ ರೆಗ್ಯುಲೇಟರಿನಲ್ಲಿ ಶಾಖವಾಗುತ್ತೆ. 2.1 ವ್ಯಾಟ್. ಅಷ್ಟು ಸಣ್ಣ ಚಿಪ್ಪಿಗೆ ಅದು ತುಂಬಾ ಜಾಸ್ತಿ. ಕಾದು ತನ್ನಷ್ಟಕ್ಕೆ ಆಫ್ ಆಗುತ್ತೆ, ಆರಿದ ಮೇಲೆ ಏಳುತ್ತೆ. ಇದಕ್ಕೆ ಅಷ್ಟು ಶಾಖವಿಲ್ಲದೆ ವೋಲ್ಟೇಜ್ ಇಳಿಸುವ, ಎಲ್‌ಎಂ2596 ಚಿಪ್ಪಿರುವ ಬಕ್ ಕನ್ವರ್ಟರ್ ಹಾಕಿ. ಹಾಕುವ ಮೊದಲು ಅದರ ತಿರುಪು ತಿರುಗಿಸಿ, ಮೀಟರಿನಲ್ಲಿ 5 ವೋಲ್ಟ್ ನೋಡಿ, ಆಮೇಲೆ ಬೋರ್ಡಿಗೆ ಜೋಡಿಸಿ. ಅಂಗಡಿಯಿಂದ ಬರುವಾಗ ಅದು ಎಷ್ಟಕ್ಕೆ ನಿಂತಿರುತ್ತೋ ಹೇಳಲಾಗದು.

ಸಂಜೆ ಹೊತ್ತು ಮಾತ್ರ ಕೆಡುವ ಪೆಟ್ಟಿಗೆಗಳೂ ಇವೆ. ಶರಾವತಿಯಲ್ಲಿ 1035 ಮೆಗಾವ್ಯಾಟ್ ತಯಾರಿಸುವ ಜಿಲ್ಲೆ ನಮ್ಮದು. ಆದರೂ ಲೈನಿನ ಕೊನೆಯ ಮನೆಗಳಲ್ಲಿ 230 ಇರಬೇಕಾದ್ದು 170 ಕ್ಕೆ ಇಳಿಯುವುದನ್ನು ನಾನೇ ಅಳೆದಿದ್ದೇನೆ. ಅದೂ ಉದ್ದ ವೈರಿನದೇ ಕಥೆ. ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಆದರೆ ಅದೇ ಲೆಕ್ಕದಲ್ಲಿ ಇಳಿಯುತ್ತೆ, 9 ವೋಲ್ಟಿನದು 6.6 ರ ಆಸುಪಾಸಿಗೆ. ಉನೋಗೆ ಕನಿಷ್ಠ 7 ಬೇಕು. ಮೇಲೆ 100-240 ಎಂದು ಬರೆದಿರುವ ಒಳ್ಳೆಯ ಎಸ್‌ಎಂಪಿಎಸ್ ಅಡಾಪ್ಟರ್ ಈ ಇಳಿತವನ್ನು ತಡೆದುಕೊಳ್ಳುತ್ತೆ.

ಈಗ ಮಲೆನಾಡಿನಲ್ಲೇ ಹೆಚ್ಚು ಕಾಡುವ ಒಂದು ವಿಷಯ. ಎಸ್ಸೆಮ್ಮೆಸ್ ಕಳಿಸಿ ಪಂಪ್ ನಡೆಸಲು ತುಂಬಾ ಜನ ಸಿಮ್ ಕಾರ್ಡ್ ಹಾಕಿ ನಡೆಸುವ ಸಿಮ್800ಎಲ್ ಮಾಡ್ಯೂಲ್ ಹಾಕುತ್ತಾರೆ. ಶಿವಮೊಗ್ಗ ಪೇಟೆಯಲ್ಲಿ ಪರೀಕ್ಷೆ ಮಾಡಿದಾಗ ಚೆನ್ನಾಗಿರುತ್ತೆ. ತೋಟಕ್ಕೆ ಒಯ್ದರೆ ನೆಟ್‌ವರ್ಕ್ ಹುಡುಕುತ್ತಾ ರೀಸೆಟ್ ಆಗುತ್ತಲೇ ಇರುತ್ತೆ. 'ಸಿಗ್ನಲ್ ಇಲ್ಲ, ಏನು ಮಾಡೋದು' ಅಂತ ಬಿಟ್ಟುಬಿಡುತ್ತಾರೆ. ಸಿಗ್ನಲ್ ಕಡಿಮೆ ಹೌದು. ಟವರ್ ಹತ್ತಿರ ಇದ್ದಾಗ ಮಾಡ್ಯೂಲ್ ಮೆಲ್ಲಗೆ ಮಾತಾಡುತ್ತೆ. ಗುಡ್ಡದ ಮರೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗಬೇಕಾಗುತ್ತೆ. ಆ ಕೂಗಿಗೆ 2 ಆಂಪಿಯರ್ ಬೇಕು. ಒಂದೊಂದು ಕೂಗು 577 ಮೈಕ್ರೋಸೆಕೆಂಡ್ ಅಷ್ಟೇ, ಆದರೆ 4.6 ಮಿಲಿಸೆಕೆಂಡಿಗೊಮ್ಮೆ ಬರುತ್ತೆ. ಮೀಟರ್ ಸರಾಸರಿ ತೋರಿಸುತ್ತೆ. 4.0 ವೋಲ್ಟ್, ಅಲ್ಲಾಡುವುದೇ ಇಲ್ಲ. ಒಳಗೆ ಆ ಅರ್ಧ ಮಿಲಿಸೆಕೆಂಡಿನಲ್ಲಿ ವೋಲ್ಟೇಜ್ ಪಾತಾಳಕ್ಕೆ ಹೋಗಿ ಬಂದಿರುತ್ತೆ.

ಲೆಕ್ಕ ಹಾಕೋಣ. ನಿಮ್ಮ ಕನ್ವರ್ಟರ್ 1 ಆಂಪಿಯರ್ ಕೊಡುತ್ತೆ ಅಂದುಕೊಳ್ಳಿ. ಮಿಕ್ಕ 1 ಆಂಪಿಯರನ್ನು ಪಕ್ಕದ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಡಬೇಕು. 577 ಮೈಕ್ರೋಸೆಕೆಂಡಿನಲ್ಲಿ ಅದರ ವೋಲ್ಟೇಜ್ 0.58 ಇಳಿಯುತ್ತೆ. 4.0 ಇದ್ದದ್ದು 3.42 ಆಯಿತು. ಸಿಮ್800ಎಲ್‌ಗೆ ಬೇಕಾದ್ದು 3.4 ರಿಂದ 4.4. ಕೂದಲೆಳೆಯಲ್ಲಿ ಉಳಿಯಿತು. ವೈರಿನ ನಷ್ಟ, ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್ ಸೇರಿದರೆ ಉಳಿಯಲ್ಲ. ಹಾಗಾಗಿ ನನ್ನ ಅಭ್ಯಾಸ ಹೀಗೆ: 2 ಆಂಪಿಯರ್ ನಿಜವಾಗಿ ಕೊಡುವ ಕನ್ವರ್ಟರ್, 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಮಾಡ್ಯೂಲಿನ ಕಾಲಿಗೇ ಬೆಸುಗೆ, ಗಿಡ್ಡ ದಪ್ಪ ವೈರು. ಚುಚ್ಚುವ ತೆಳು ಜಂಪರ್ ವೈರು ಬೇಡವೇ ಬೇಡ.

ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಬಿಡಿಸುವ ಆಸಿಲೋಸ್ಕೋಪ್ ಇದ್ದರೆ ಈ ಇಳಿತ ಕಣ್ಣಿಗೆ ಕಾಣುತ್ತೆ. ಇಲ್ಲದಿದ್ದರೆ ಚಿಪ್ಪನ್ನೇ ಕೇಳಿ. ಯಾಕೆ ರೀಸೆಟ್ ಆದೆ ಎಂದು ಹೇಳುವ ಫಂಕ್ಷನ್ ಇಎಸ್‌ಪಿ32 ರಲ್ಲಿದೆ. ಅದನ್ನು ಪ್ರತಿ ಸಲ ಶುರುವಿನಲ್ಲೇ ಪ್ರಿಂಟ್ ಮಾಡಿಸಿ. ಉನೋದ ಚಿಪ್ಪಿನೊಳಗೆ 1.1 ವೋಲ್ಟಿನ, ಸಪ್ಲೈ ಇಳಿದರೂ ಬದಲಾಗದ ಒಂದು ಗುರುತು ಇದೆ, ಅದರ ಮೂಲಕ ತನ್ನ ಸ್ವಂತ ಸಪ್ಲೈ ಎಷ್ಟಿದೆ ಎಂದು ಅದು ಅಳೆದುಕೊಳ್ಳಬಲ್ಲದು. ಕ್ಷಣದ ಇಳಿತ ಇದರಲ್ಲಿ ಸಿಗದಿರಬಹುದು, ನಿಧಾನದ ಇಳಿತವಂತೂ ಸಿಗುತ್ತೆ.

ಮಾತು ಮುಗಿಯುವ ಮೊದಲೇ ಹಿರಿಯರೊಬ್ಬರು ಕೈ ಎತ್ತಿದರು. "ಅಲ್ಲಾ ಮಾರಾಯ್ರೇ, ಈ ಗ್ರೌಂಡ್ ಪಿನ್ನನ್ನು ಅರ್ಥಿಂಗ್ ಗುಂಡಿಗೆ ಕೊಡಬೇಕೋ ಬೇಡವೋ? ನಾನು ಕೊಟ್ಟುಬಿಟ್ಟಿದ್ದೇನೆ."

ಈ ಹೆಸರೇ ದಾರಿ ತಪ್ಪಿಸುತ್ತೆ. ಬೋರ್ಡಿನ ಗ್ರೌಂಡ್ ಅಂದರೆ ಕರೆಂಟ್ ತಾನು ಹೊರಟ ಬ್ಯಾಟರಿಗೋ ಅಡಾಪ್ಟರಿಗೋ ವಾಪಸ್ ಹೋಗುವ ದಾರಿ. ಟಾರ್ಚ್ ಉರಿಯಲು ಗುಂಡಿ ಬೇಕಾ? ಬೇಡ. ಅರ್ಥಿಂಗ್ ಇರುವುದು ಜೀವ ಉಳಿಸಲು. ಮೋಟಾರಿನ ಕಬ್ಬಿಣದ ಮೈ, ಸ್ಟಾರ್ಟರಿನ ತಗಡಿನ ಪೆಟ್ಟಿಗೆ, ಇವಕ್ಕೆ ಅರ್ಥಿಂಗ್ ಆಗಲೇಬೇಕು. ಬೋರ್ಡಿನ ಗ್ರೌಂಡನ್ನು ಅದೇ ಗುಂಡಿಗೆ ಕೊಟ್ಟರೆ, ಮೋಟಾರಿನಲ್ಲಿ ಸೋರಿಕೆ ಆದ ದಿನ ಗುಂಡಿಯ ವೋಲ್ಟೇಜಿನ ಜೊತೆ ನಿಮ್ಮ ಬೋರ್ಡಿನದ್ದೂ ಮೇಲೇಳುತ್ತೆ. ಸಿಡಿಲಿನ ದಿನವೂ ಅಷ್ಟೇ. ಅದನ್ನು ಬಿಡಿಸಿಬಿಡಿ ಅಂದೆ. ನ್ಯೂಟ್ರಲ್‌ಗಂತೂ ಯಾವತ್ತೂ ಕೊಡಬೇಡಿ. ಗುಂಡಿಯ ಬಗ್ಗೆ ಇನ್ನೊಂದು ಮಾತು. ನಮ್ಮ ಜಂಬಿಟ್ಟಿಗೆ ನೆಲ ನೀರು ಹಿಡಿಯಲ್ಲ. ಏಪ್ರಿಲ್ ಹೊತ್ತಿಗೆ ಗುಂಡಿ ಒಣಗಿ ಅರ್ಥಿಂಗ್ ಬಲ ಕಳೆದುಕೊಳ್ಳುತ್ತೆ. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿಗೂ ಬೇಸಿಗೆಯಲ್ಲಿ ನೀರು ಹುಯ್ಯುತ್ತಿರಿ. ಗುಡುಗು ಮಳೆ ಶುರುವಾಗುವುದೂ ಆಗಲೇ.

ಒಬ್ಬ ಹುಡುಗಿ ಕೇಳಿದಳು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಮಾತ್ರ ಅವಳ ಟಚ್ ಸೆನ್ಸರ್ ಹುಚ್ಚುಚ್ಚಾಗಿ ಓದುತ್ತೆ, ಲ್ಯಾಪ್‌ಟಾಪಿನ ಲೋಹದ ಅಂಚು ಮುಟ್ಟಿದರೆ ಜುಮ್ ಅನ್ನುತ್ತೆ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಚಾರ್ಜರ್ ಹಾಕಿದಾಗ ಹೀಗಾಗುತ್ತೆ. ಚಾರ್ಜರಿನೊಳಗಿನ ಒಂದು ಸಣ್ಣ ಕೆಪಾಸಿಟರ್ ಮೂಲಕ ಲ್ಯಾಪ್‌ಟಾಪಿನ ಗ್ರೌಂಡ್ ಮೇನ್ಸಿನ ಅರ್ಧ ವೋಲ್ಟೇಜಿನ ಹತ್ತಿರ ತೇಲುತ್ತಿರುತ್ತೆ. ಕರೆಂಟ್ ತೀರಾ ಕಡಿಮೆ, ಆದರೆ ಟಚ್ ಸೆನ್ಸರಿಗೆ ಅಷ್ಟು ಸಾಕು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ ಅಂದೆ. ಅಲ್ಲೇ ನೋಡಿದಳು, ಸರಿಯಾಯಿತು. ಮನೆಯ ಮೂರು ಪಿನ್ನಿನ ಸಾಕೆಟ್‌ಗೆ ಅರ್ಥಿಂಗ್ ವೈರು ನಿಜವಾಗಿ ಬಂದಿದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಲು ಹೇಳಿದ್ದೇನೆ.

ಕೊನೆಯ ಪ್ರಶ್ನೆ ಆಗುಂಬೆ ಕಡೆಯಿಂದ ಬಂದವರದ್ದು. ಬೇಸಿಗೆಯಲ್ಲಿ ಎಲ್ಲ ಸರಿ, ಆಗಸ್ಟ್ ಹೊತ್ತಿಗೆ ಪೆಟ್ಟಿಗೆ ತಾನಾಗೇ ಕೆಡುತ್ತೆ, ತೆಗೆದು ಮತ್ತೆ ಚುಚ್ಚಿದರೆ ಸರಿಯಾಗುತ್ತೆ. ಪಿನ್ನು ತಂದಿದ್ದೀರಾ ಅಂದೆ. ಕಿಸೆಯಿಂದ ಒಂದು ಜಂಪರ್ ತೆಗೆದು ಕೊಟ್ಟರು. ತುದಿ ಹಸಿರಾಗಿತ್ತು, ಕಿಲುಬು. ಮೀಟರ್ ಹಿಡಿದರೆ ಒಮ್ಮೆ 2 ಓಮ್, ಅಲ್ಲಾಡಿಸಿದರೆ 11. ಮಳೆಗಾಲ ಕಳೆಯಬೇಕಾದ ಪೆಟ್ಟಿಗೆಯಲ್ಲಿ ಚುಚ್ಚುವ ಕೊಂಡಿ ಬೇಡ. ಬೆಸುಗೆ ಹಾಕಿ, ಇಲ್ಲದಿದ್ದರೆ ಸ್ಕ್ರೂ ಟರ್ಮಿನಲ್ ಹಾಕಿ ವರ್ಷಕ್ಕೊಮ್ಮೆ ಬಿಗಿ ಮಾಡಿ. ವೈರು ಪೆಟ್ಟಿಗೆಯ ಕೆಳಗಿನಿಂದ ಒಳಗೆ ಹೋಗಲಿ, ಹೋಗುವ ಮೊದಲು ಒಂದು ಬಾಗು ಇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತೆ. ಮೊದಲು ಬೆಸೆಯಬೇಕಾದ್ದು ಕಪ್ಪು ವೈರು.